ಶಾಲಾ ತಪಾಸಣಾಧಿಕಾರಿ ಈಶ್ವರಚಂದ್ರ ವಿದ್ಯಾಸಾಗರರು

ಶಾಲೆಗಳನ್ನು ಕಟ್ಟಿಸುವುದು ಸುಲಭದ ಕಾರ್ಯವಲ್ಲ. ಕಟ್ಟಿಸಿದ ಶಾಲೆಗಳಲ್ಲಿ ನಿಜವಾಗಿಯೂ ವಿದ್ಯೆ ನಡೆಯುತ್ತಿರುವುದೋ ಇಲ್ಲವೋ ಎಂಬುದನ್ನು ಅರಿಯುವುದು ಅದಕ್ಕಿಂತಲೂ ಕಠಿಣವಾದುದು. ಹಾಜರಿ ಪಟ್ಟಿಯು ತುಂಬಿರಬಹುದು, ಗೋಡೆಗಳಿಗೆ ಸುಣ್ಣ ಬಳಿದಿರಬಹುದು, ಸಾಹೇಬರು ಬರುವ ದಿವಸ ಮಕ್ಕಳು ಶುಭ್ರವಾದ ಅಂಗಿ ತೊಟ್ಟು ಕಂಠಪಾಠವನ್ನು ಒಪ್ಪಿಸಲೂಬಹುದು. ಆದರೂ ಆ ಮಕ್ಕಳಲ್ಲಿ ಒಬ್ಬರಾದರೂ ತಾವು ಒಪ್ಪಿಸಿದುದರ ಅರ್ಥವನ್ನು ತಿಳಿಯದೆ ಇರುವುದು ಸಾಧ್ಯ. ಈ ಅಂತರವನ್ನು ಕಂಡುಹಿಡಿಯುವುದಕ್ಕೆಂದೇ ವಿದ್ಯಾಖಾತೆಯಲ್ಲಿ ಇನ್‌ಸ್ಪೆಕ್ಟರರೆಂಬ ಅಧಿಕಾರಿಗಳು ಏರ್ಪಟ್ಟರು. ಶಿಕ್ಷಕನಿಗೆ ತರಬೇತು ಅವಶ್ಯವೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಶಿಕ್ಷಕನ ಕೆಲಸವನ್ನು ತೂಗಿ ನೋಡತಕ್ಕವನಿಗೆ ಎಂತಹ ತರಬೇತು, ಎಂತಹ ಕೌಶಲ ಅವಶ್ಯವೆಂದು ಕೇಳುವವರು ಮಾತ್ರ ವಿರಳ.

ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕಗಳಲ್ಲಿ ಹುಡುಕುವುದಕ್ಕಿಂತ ಒಬ್ಬ ಮಹಾಪುರುಷನ ಚರಿತ್ರೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿಯೆಂದು ನಾವು ತಿಳಿಯುತ್ತೇವೆ. ಬಂಗಾಲದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರ ಹೆಸರು ಕೇಳದವರಿಲ್ಲ. ವಿಧವೆಯರ ಪುನರ್ವಿವಾಹಕ್ಕಾಗಿ ಹೋರಾಡಿದವರೆಂದೂ ದಯಾಸಾಗರರೆಂದೂ ಅವರನ್ನು ನಾವೆಲ್ಲ ಬಲ್ಲೆವು. ಆದರೆ ಅವರು ಮೂರೂವರೆ ವರ್ಷಗಳ ಕಾಲ ನಾಲ್ಕು ಜಿಲ್ಲೆಗಳ ಶಾಲಾ ತಪಾಸಣಾಧಿಕಾರಿಗಳಾಗಿ ದುಡಿದರೆಂಬುದೂ, ಆ ಹುದ್ದೆಯನ್ನು ಎಷ್ಟು ಎತ್ತರಕ್ಕೆ ಒಯ್ದರೆಂಬುದೂ, ಕೊನೆಗೆ ಅದನ್ನು ಏಕೆ ಬಿಟ್ಟುಕೊಟ್ಟರೆಂಬುದೂ ಅನೇಕರಿಗೆ ತಿಳಿಯದ ಸಂಗತಿ.

ವಿದ್ಯಾಸಾಗರರು ೧೮೨೦ನೆಯ ಇಸವಿಯ ಸೆಪ್ಟೆಂಬರ ೨೬ರಂದು ಬೀರಸಿಂಹವೆಂಬ ಹಳ್ಳಿಯಲ್ಲಿ ಜನಿಸಿದರು. ಅದು ಅಂದು ಹೂಗ್ಲಿ ಜಿಲ್ಲೆಗೆ ಸೇರಿದ್ದಿತು. ಇಂದು ಪಶ್ಚಿಮ ಮೇದಿನೀಪುರ ಜಿಲ್ಲೆಯಲ್ಲಿರುವುದು. ತಂದೆ ಠಾಕೂರದಾಸ ವಂದ್ಯೋಪಾಧ್ಯಾಯರು ಕಲಕತ್ತೆಯಲ್ಲಿ ಅಲ್ಪ ಸಂಬಳದ ಚಾಕರಿಯಲ್ಲಿದ್ದ ಬಡ ಬ್ರಾಹ್ಮಣರು. ತಾಯಿ ಭಗವತೀದೇವಿಯು ಪರರ ದುಃಖಕ್ಕೆ ಕರಗುವ ಸಾಧ್ವಿ. ಊರಿನ ಪಾಠಶಾಲೆಯಲ್ಲಿ ಕಾಲೀಕಾಂತರೆಂಬ ಗುರುಗಳ ಹತ್ತಿರ ಅಕ್ಷರಾಭ್ಯಾಸವಾಯಿತು. ಎಂಟು ವರ್ಷದ ಬಾಲಕನನ್ನು ಹೆಚ್ಚಿನ ವಿದ್ಯೆಗಾಗಿ ಕಲಕತ್ತೆಗೆ ಕರೆದೊಯ್ಯುವುದೆಂದು ೧೮೨೮ರಲ್ಲಿ ನಿರ್ಧಾರವಾದಾಗ, ತಂದೆಯೂ ಗುರುಗಳೂ ಮಗುವೂ ಕಾಲ್ನಡಿಗೆಯಿಂದಲೇ ಹೊರಟರು.

ಆ ಪ್ರಯಾಣದಲ್ಲಿ ನಡೆದ ಒಂದು ಸಂಗತಿಯನ್ನು ವಿದ್ಯಾಸಾಗರರೇ ಮುಂದೆ ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿರುವರು. ರಸ್ತೆಯ ಬದಿಯ ಮೈಲಿಗಲ್ಲುಗಳ ಮೇಲೆ ಕೊರೆದ ಇಂಗ್ಲಿಷ ಅಂಕಿಗಳನ್ನು ಒಂದೊಂದಾಗಿ ನೋಡುತ್ತ, ಹುಡುಗನು ಒಂದರಿಂದ ಹತ್ತರವರೆಗಿನ ಅಂಕಿಗಳನ್ನೆಲ್ಲ ದಾರಿಯಲ್ಲಿಯೇ ಕಲಿತುಬಿಟ್ಟನು. ಅವನು ನಿಜವಾಗಿ ಕಲಿತಿರುವನೋ, ಇಲ್ಲವೇ ಕಲ್ಲುಗಳ ಕ್ರಮವನ್ನು ಊಹಿಸಿ ಹೇಳುತ್ತಿರುವನೋ ಎಂಬ ಸಂಶಯ ಹಿರಿಯರಿಗೆ ಬಂದಿತು. ಆರನೆಯ ಕಲ್ಲನ್ನು ಅವನ ಕಣ್ಣಿಗೆ ಬೀಳದಂತೆ ದಾಟಿಸಿ, ಐದನೆಯ ಕಲ್ಲನ್ನು ತೋರಿಸಿ ಇದಾವುದೆಂದು ಕೇಳಿದರು. ಇದು ಆರು ಆಗಬೇಕಿತ್ತು, ಕೊರೆಯುವವನು ತಪ್ಪಿ ಐದೆಂದು ಕೊರೆದಿದ್ದಾನೆಂದು ಹುಡುಗನು ಉತ್ತರವಿತ್ತನು. ಅಂಕಿಯೂ ಗೊತ್ತಿದ್ದಿತು, ಕ್ರಮವೂ ಗೊತ್ತಿದ್ದಿತು, ಎರಡಕ್ಕೂ ವಿರೋಧ ಬಂದಾಗ ಹೇಳುವ ಧೈರ್ಯವೂ ಇದ್ದಿತು. ವಾಚಕರು ಈ ಪರೀಕ್ಷೆಯ ರೀತಿಯನ್ನು ಕೂಡ ಗಮನಿಸಬೇಕು. ಹುಡುಗನ ಬಾಯಿಂದ ಸರಿಯಾದ ಉತ್ತರ ಬಂದರೆ ಸಾಕೆಂದು ಹಿರಿಯರು ಸುಮ್ಮನಾಗಲಿಲ್ಲ; ಅರಿವು ಎಲ್ಲಿಯವರೆಗೆ ಇರುವುದೆಂದು ತಿಳಿಯುವುದಕ್ಕಾಗಿ ಪ್ರಶ್ನೆಯನ್ನೇ ಬೇರೆ ರೀತಿಯಾಗಿ ಜೋಡಿಸಿದರು. ತಪಾಸಣೆಯ ವಿದ್ಯೆಯ ಬೀಜವೆಲ್ಲ ಇಷ್ಟರಲ್ಲಿಯೇ ಅಡಗಿರುವುದು.

೧೮೨೯ರಲ್ಲಿ ಅವರು ಕಲಕತ್ತೆಯ ಸಂಸ್ಕೃತ ಕಾಲೇಜನ್ನು ಸೇರಿದರು. ಮನೆಯಲ್ಲಿ ಅಡಿಗೆಯ ಕೆಲಸವೂ ಅವರದೇ, ರಾತ್ರಿ ದೀಪಕ್ಕೆ ಎಣ್ಣೆ ಸಾಲದ ಬಡತನ. ಆದರೂ ವ್ಯಾಕರಣ, ಸಾಹಿತ್ಯ, ಅಲಂಕಾರ, ವೇದಾಂತ, ನ್ಯಾಯ, ಸ್ಮೃತಿ ಮೊದಲಾದ ಶಾಸ್ತ್ರಗಳಲ್ಲಿ ಹನ್ನೆರಡು ವರ್ಷ ಪರಿಶ್ರಮ ಮಾಡಿ, ವಿದ್ಯಾಸಾಗರರೆಂಬ ಬಿರುದನ್ನು ಪಡೆದರು. ೧೮೪೧ರ ಡಿಸೆಂಬರದಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ ೫೦ ರೂಪಾಯಿ ಸಂಬಳದ ಮುಖ್ಯ ಪಂಡಿತರ ಹುದ್ದೆ ದೊರೆಯಿತು. ವಿಲಾಯತಿಯಿಂದ ಬಂದ ತರುಣ ಸಿವಿಲಿಯನ್ನರಿಗೆ ಬಂಗಾಲಿ ಭಾಷೆಯನ್ನು ಕಲಿಸುವುದೂ ಅವರ ಪರೀಕ್ಷೆಯ ಕಾಗದಗಳನ್ನು ನೋಡುವುದೂ ಅಲ್ಲಿಯ ಕೆಲಸ. ಆ ಕಾಲದಲ್ಲಿಯೇ ಅವರು ಸ್ವಪ್ರಯತ್ನದಿಂದ ಇಂಗ್ಲಿಷನ್ನೂ ಹಿಂದಿಯನ್ನೂ ಕಲಿತುಕೊಂಡರು.

ಅಲ್ಲಿರುವಾಗ ಅವರಿಗೆ ದೊರೆತ ಒಂದು ಅನುಭವವು ಮುಂದೆ ಬಹಳ ಉಪಯೋಗಕ್ಕೆ ಬಂದಿತು. ೧೮೪೪ರಲ್ಲಿ ಗವರ್ನರ ಜನರಲ್ ಹಾರ್ಡಿಂಜರು ಬಂಗಾಲ ಪ್ರಾಂತದಲ್ಲಿ ೧೦೧ ದೇಶಭಾಷಾ ಶಾಲೆಗಳನ್ನು ತೆರೆಯಲು ಅಪ್ಪಣೆಯಿತ್ತರು. ಆ ಶಾಲೆಗಳ ಶಿಕ್ಷಕರನ್ನು ಪರೀಕ್ಷಿಸಿ ಆರಿಸುವ ಕೆಲಸವು ಕಾಲೇಜಿನ ಕಾರ್ಯದರ್ಶಿ ಮಾರ್ಷಲ್ ಸಾಹೇಬರಿಗೂ ವಿದ್ಯಾಸಾಗರರಿಗೂ ಬಂದಿತು. ಶಿಕ್ಷಕರನ್ನು ಆರಿಸಿ ಕಳುಹಿಸಿದುದಾಯಿತು. ಆದರೆ ಶಾಲೆಗಳ ಮೇಲ್ವಿಚಾರಣೆಯನ್ನು ಸರಕಾರದವರು ರೆವಿನ್ಯೂ ಬೋರ್ಡಿಗೂ ಕಲೆಕ್ಟರರಿಗೂ ಒಪ್ಪಿಸಿಬಿಟ್ಟರು. ಕಂದಾಯದ ವಸೂಲಿಯಲ್ಲಿ ಮುಳುಗಿದ ಅಧಿಕಾರಿಗೆ ಮಕ್ಕಳ ಓದಿನ ಚಿಂತೆ ಎಲ್ಲಿಂದ ಬರಬೇಕು? ಬಂದರೂ ಪಾಠದ ಗುಣದೋಷಗಳನ್ನು ಗುರುತಿಸುವ ಅಭ್ಯಾಸ ಅವನಿಗೆ ಎಲ್ಲಿಯದು? ಓದಿಸುವುದಕ್ಕೆ ತಕ್ಕ ಪುಸ್ತಕಗಳಿಲ್ಲ, ತಿದ್ದಿ ಹೇಳುವವರಿಲ್ಲ. ಕೆಲವೇ ವರ್ಷಗಳಲ್ಲಿ ಆ ಶಾಲೆಗಳಲ್ಲಿ ಹೆಚ್ಚಿನವು ಅಳಿದುಹೋದವು. ಹಣವೂ ಇದ್ದಿತು, ಅಪ್ಪಣೆಯೂ ಇದ್ದಿತು. ನೋಡಬಲ್ಲವರು ಮಾತ್ರ ಇರಲಿಲ್ಲ. ವಿದ್ಯಾಸಾಗರರು ಇದನ್ನು ಕಣ್ಣಾರೆ ಕಂಡರು.

೧೮೪೬ರಲ್ಲಿ ಅವರು ಸಂಸ್ಕೃತ ಕಾಲೇಜಿಗೆ ಸಹಾಯಕ ಕಾರ್ಯದರ್ಶಿಗಳಾಗಿ ಬಂದು, ಸುಧಾರಣೆಯ ಸೂಚನೆಗಳಿಗೆ ಮೇಲಿನವರ ಸಮ್ಮತಿ ದೊರೆಯದಿರಲು ಮಾರನೆಯ ವರ್ಷವೇ ರಾಜೀನಾಮೆಯಿತ್ತರು. ಮಿತ್ರರಾದ ಮದನಮೋಹನ ತರ್ಕಾಲಂಕಾರರೊಡನೆ ಸಾಲ ತೆಗೆದು ಮುದ್ರಣಾಲಯವನ್ನು ಸ್ಥಾಪಿಸಿದರು. ಮಕ್ಕಳ ಕೈಗೆ ಕೊಡತಕ್ಕ ಶುದ್ಧವಾದ ಪುಸ್ತಕಗಳಿಲ್ಲದೆ ಶಾಲೆಯು ನಡೆಯದೆಂಬುದನ್ನು ಅರಿತಿದ್ದ ಅವರು ಅಂದಿನಿಂದ ಕೊನೆಯವರೆಗೂ ಪಠ್ಯಪುಸ್ತಕಗಳ ರಚನೆಯನ್ನು ಬಿಡಲಿಲ್ಲ. ೧೮೫೦ರ ಕೊನೆಗೆ ಸಾಹಿತ್ಯದ ಅಧ್ಯಾಪಕರಾಗಿ ಅದೇ ಕಾಲೇಜಿಗೆ ಮರಳಿದರು. ೧೮೫೧ರ ಜಾನೇವಾರಿಯಲ್ಲಿ ಅದರ ಪ್ರಿನ್ಸಿಪಾಲರಾದರು. ಬ್ರಾಹ್ಮಣ ವೈದ್ಯರಿಗೆ ಮಾತ್ರ ಮೀಸಲಾಗಿದ್ದ ಬಾಗಿಲನ್ನು ಮೊದಲು ಕಾಯಸ್ಥರಿಗೂ ಅನಂತರ ಇತರ ಹಿಂದೂ ಜಾತಿಗಳವರಿಗೂ ತೆರೆದರು. ಪ್ರತಿಪದೆ ಅಷ್ಟಮಿಗಳ ಅನಧ್ಯಾಯವನ್ನು ತೆಗೆದು ರವಿವಾರದ ರಜೆಯನ್ನು ಗೊತ್ತುಮಾಡಿದರು. ಕಠಿಣವಾದ ಮುಗ್ಧಬೋಧ ವ್ಯಾಕರಣದ ಬದಲಾಗಿ ಬಂಗಾಲಿಯಲ್ಲಿ ತಾವೇ ಬರೆದ ಸುಲಭವಾದ ವ್ಯಾಕರಣವನ್ನು ಬಳಕೆಗೆ ತಂದರು. ಇಂಗ್ಲಿಷನ್ನು ಅವಶ್ಯ ವಿಷಯವನ್ನಾಗಿ ಮಾಡಿದರು.

ಇಷ್ಟು ಪೂರ್ವಸಿದ್ಧತೆಯಾದ ಮೇಲೆ ಅವರು ಶಾಲಾ ತಪಾಸಣೆಯ ಕಾರ್ಯಕ್ಕೆ ಕೈಹಾಕಿದರೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದುದು. ಕಲಿತರು, ಕಲಿಸಿದರು, ಶಿಕ್ಷಕರನ್ನು ಪರೀಕ್ಷಿಸಿದರು, ಪುಸ್ತಕ ಬರೆದರು, ವಿದ್ಯಾಲಯವನ್ನು ನಡೆಸಿದರು. ಆ ಬಳಿಕವೇ ಪರರ ಶಾಲೆಯ ಹೊಸ್ತಿಲನ್ನು ತುಳಿದರು.

೧೮೫೪ರ ಆರಂಭದಲ್ಲಿ, ಮುಂದೆ ಬಂಗಾಲದ ಲೆಫ್ಟಿನೆಂಟ ಗವರ್ನರರಾದ ಹ್ಯಾಲಿಡೇ ಸಾಹೇಬರಿಗಾಗಿ ಅವರು ದೇಶಭಾಷಾ ಶಿಕ್ಷಣದ ಮೇಲೆ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದರು. ಓದು ಬರಹ ಲೆಕ್ಕಗಳಷ್ಟಕ್ಕೇ ನಿಲ್ಲದೆ ಭೂಗೋಲ, ಇತಿಹಾಸ, ಜೀವನಚರಿತ್ರೆ, ರೇಖಾಗಣಿತ, ಪದಾರ್ಥವಿಜ್ಞಾನ, ಶರೀರಶಾಸ್ತ್ರ ಮೊದಲಾದವುಗಳನ್ನು ಬಂಗಾಲಿಯಲ್ಲಿಯೇ ಕಲಿಸಬೇಕೆಂಬುದು ಅದರ ಸಾರ. ಹೂಗ್ಲಿ, ಬರ್ದವಾನ, ನದಿಯಾ, ಮೇದಿನೀಪುರ ಈ ನಾಲ್ಕು ಜಿಲ್ಲೆಗಳಲ್ಲಿ ೨೫ ಶಾಲೆಗಳನ್ನು ಮೊದಲು ತೆರೆಯಬೇಕೆಂದು ಅವರು ಸೂಚಿಸಿದರು. ಮೇಲ್ವಿಚಾರಣೆಗೆ ಇಬ್ಬರು ದೇಶೀಯ ಅಧಿಕಾರಿಗಳನ್ನು ತಿಂಗಳಿಗೆ ೧೫೦ ರೂಪಾಯಿಗಳ ಮೇಲೆ ನಿಯಮಿಸಬೇಕು. ಅವರು ಶಾಲೆಗಳಿಗೆ ಮೇಲಿಂದ ಮೇಲೆ ಹೋಗಿ ತರಗತಿಗಳನ್ನು ಪರೀಕ್ಷಿಸಬೇಕು, ಕಲಿಸುವ ರೀತಿಯಲ್ಲಿ ದೋಷ ಕಂಡಲ್ಲಿ ತಿದ್ದಿಕೊಡಬೇಕು. ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲನು ಪ್ರಯಾಣದ ವೆಚ್ಚವನ್ನಷ್ಟೇ ತೆಗೆದುಕೊಂಡು ಎಲ್ಲಕ್ಕೂ ಮುಖ್ಯಸ್ಥನಾಗಿರಬೇಕು ಎಂದು ಯೋಜನೆ ಹಾಕಿದರು. ಪ್ರಿನ್ಸಿಪಾಲರು ತಾವೇ ಆಗಿದ್ದುದರಿಂದ, ಹೆಚ್ಚಿನ ಸಂಬಳವಿಲ್ಲದೆ ಹೆಚ್ಚಿನ ಹೊರೆಯನ್ನು ಹೊರಲು ಮುಂದೆ ಬಂದಂತಾಯಿತು.

ಈ ಯೋಜನೆಯಲ್ಲಿ ತಪಾಸಣೆಯ ಅರ್ಥವೇ ಬೇರೆಯಾಗಿರುವುದನ್ನು ನೋಡಬೇಕು. ಪರೀಕ್ಷಿಸುವುದು ಅರ್ಧ ಕೆಲಸ, ತಿದ್ದಿಕೊಡುವುದು ಉಳಿದರ್ಧ. ತಿದ್ದಿಕೊಡಬೇಕಾದರೆ ತಾನು ಅದಕ್ಕಿಂತ ಚೆನ್ನಾಗಿ ಮಾಡಿ ತೋರಿಸಬಲ್ಲವನಾಗಿರಬೇಕು. ತಪ್ಪನ್ನು ಬರೆದುಕೊಂಡು ಕುದುರೆಯೇರಿ ಹೋಗುವವನು ವಿದ್ಯಾಸಾಗರರ ದೃಷ್ಟಿಯಲ್ಲಿ ತಪಾಸಣಾಧಿಕಾರಿಯಾಗಲಾರನು.

ಅದೇ ವರ್ಷ ಜುಲೈ ೧೯ರಂದು ವುಡ್ ಸಾಹೇಬರ ಪ್ರಸಿದ್ಧ ಶಿಕ್ಷಣ ಖಲೀತೆಯು ವಿಲಾಯತಿಯಿಂದ ಹೊರಟಿತು. ಪ್ರತಿಯೊಂದು ಪ್ರಾಂತದಲ್ಲಿ ವಿದ್ಯಾಖಾತೆಯು ಏರ್ಪಡಬೇಕು, ಅದಕ್ಕೆ ಡೈರೆಕ್ಟರರೂ ಅವರ ಕೈಕೆಳಗೆ ಇನ್‌ಸ್ಪೆಕ್ಟರರೂ ಇರಬೇಕು, ಖಾಸಗಿ ಶಾಲೆಗಳಿಗೆ ಕೊಡುವ ಸಹಾಯಧನವು ತಪಾಸಣೆಯನ್ನು ಅವಲಂಬಿಸಿರಬೇಕು ಎಂದು ಅದರಲ್ಲಿ ವಿಧಿಸಲಾಗಿದ್ದಿತು. ಇಂದು ನಮ್ಮ ನಾಡಿನಲ್ಲಿರುವ ತಪಾಸಣಾ ಪದ್ಧತಿಯ ಮೂಲವೂ ಆ ಖಲೀತೆಯೇ. ನಮ್ಮ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗೆ ಜೀವವಿತ್ತದ್ದೂ ಈ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೇ. ಆದರೆ ಹುದ್ದೆಯನ್ನು ಸೃಷ್ಟಿಸಿದಷ್ಟು ಸುಲಭವಾಗಿ ಹುದ್ದೆಗೆ ತಕ್ಕ ಮನುಷ್ಯರನ್ನು ಸೃಷ್ಟಿಸುವುದು ಸಾಧ್ಯವಿರಲಿಲ್ಲ. ಬಂಗಾಲದ ಮೊದಲನೆಯ ಡೈರೆಕ್ಟರರಾಗಿ ಬಂದ ಗಾರ್ಡನ್ ಯಂಗ್ ಸಾಹೇಬರು ವಿದ್ಯಾಖಾತೆಯ ಅನುಭವವಿಲ್ಲದ ತರುಣ ಸಿವಿಲಿಯನ್ನರು. ಇಂತಹ ನೇಮಣೂಕಿನ ಫಲವನ್ನು ಮುಂದೆ ನೋಡುವೆವು.

ಹ್ಯಾಲಿಡೇ ಸಾಹೇಬರ ಆಗ್ರಹದಿಂದ ೧೮೫೫ರ ಮೇ ೧ರಂದು ವಿದ್ಯಾಸಾಗರರು ದಕ್ಷಿಣ ಬಂಗಾಲದ ಸಹಾಯಕ ಇನ್‌ಸ್ಪೆಕ್ಟರರಾಗಿ ನಿಯಮಿತರಾದರು. ಅನಂತರ ವಿಶೇಷ ಇನ್‌ಸ್ಪೆಕ್ಟರರೆಂಬ ಹೆಸರು ಬಂದಿತು. ಪ್ರಿನ್ಸಿಪಾಲರ ೩೦೦ ರೂಪಾಯಿಗಳ ಜೊತೆಗೆ ಈ ಕೆಲಸಕ್ಕಾಗಿ ೨೦೦ ರೂಪಾಯಿಗಳ ಸಂಬಳ ಗೊತ್ತಾಯಿತು. ನಾಲ್ಕು ಜಿಲ್ಲೆಗಳೂ ಅವರ ಕೈಗೆ ಬಂದವು.

ಅವರು ಮೊದಲು ಮಾಡಿದ ಕೆಲಸ ಯಾವುದು? ಶಾಲೆಗಳ ಪಟ್ಟಿಯನ್ನು ತರಿಸಲಿಲ್ಲ, ಹುಕುಮುಗಳನ್ನು ಹೊರಡಿಸಲಿಲ್ಲ. ಜುಲೈ ೧೭ರಂದು, ಸಂಸ್ಕೃತ ಕಾಲೇಜಿನ ಕಟ್ಟಡದಲ್ಲಿಯೇ ಬೆಳಗಿನ ಹೊತ್ತು ಒಂದು ನಾರ್ಮಲ್ ಶಾಲೆಯನ್ನು ತೆರೆದು ಶಿಕ್ಷಕರ ತರಬೇತಿಗೆ ಆರಂಭ ಮಾಡಿದರು. ಅದರ ಮುಖ್ಯ ಶಿಕ್ಷಕರನ್ನಾಗಿ ಬಂಗಾಲಿ ಗದ್ಯದ ಆಚಾರ್ಯರಲ್ಲೊಬ್ಬರಾದ ಅಕ್ಷಯಕುಮಾರ ದತ್ತರನ್ನು ಆರಿಸಿ ತಂದರು. ತರಬೇತಾದ ಶಿಕ್ಷಕನಿಲ್ಲದ ಶಾಲೆಯನ್ನು ತಪಾಸಣೆ ಮಾಡುವುದೆಂದರೆ ಬಿತ್ತದ ಹೊಲದಲ್ಲಿ ಬೆಳೆಯನ್ನು ಅಳೆದಂತೆ ಎಂಬುದನ್ನು ಅವರು ಅರಿತಿದ್ದರು. ಅದೇ ವರ್ಷ ಏಪ್ರಿಲದಲ್ಲಿ ಅವರ ವರ್ಣಪರಿಚಯದ ಮೊದಲನೆಯ ಭಾಗವೂ ಜೂನದಲ್ಲಿ ಎರಡನೆಯ ಭಾಗವೂ ಪ್ರಕಟವಾಗಿದ್ದವು. ತಲೆಮಾರುಗಳ ಕಾಲ ಬಂಗಾಲದ ಮಕ್ಕಳು ಅಕ್ಷರ ಕಲಿತದ್ದು ಆ ಕಿರುಪುಸ್ತಕದಿಂದ. ಹೀಗೆ ಶಿಕ್ಷಕನನ್ನು ಸಿದ್ಧಪಡಿಸುವವರೂ ಪುಸ್ತಕವನ್ನು ಸಿದ್ಧಪಡಿಸುವವರೂ ಶಾಲೆಯನ್ನು ನೋಡುವವರೂ ಒಬ್ಬರೇ ಆಗಿದ್ದರು. ಮಗುವು ಒಂದು ಪಾಠದಲ್ಲಿ ತಡವರಿಸಿದರೆ ದೋಷವು ಮಗುವಿನದೋ, ಮಾಸ್ತರರದೋ, ಪುಸ್ತಕದ್ದೋ ಎಂದು ತೀರ್ಮಾನಿಸುವ ಯೋಗ್ಯತೆಯು ಇಂತಹವರಿಗೆ ಬರುವುದು.

ಶಾಲೆಗಳಿಗೆ ಸ್ಥಳಗಳನ್ನು ಆರಿಸುವುದಕ್ಕಾಗಿ ಅವರು ಸ್ವತಃ ಹಳ್ಳಿಹಳ್ಳಿಗಳನ್ನು ಸಂಚರಿಸಿದರು. ಈ ಹುದ್ದೆ ಬರುವ ಮುಂಚೆಯೇ, ೧೮೫೪ರ ಬೇಸಿಗೆಯಲ್ಲಿ, ಹೂಗ್ಲಿ ಜಿಲ್ಲೆಯ ಅನೇಕ ಗ್ರಾಮಗಳನ್ನು ಸುತ್ತಿಬಂದಿದ್ದರು. ದಪ್ಪ ಧೋತರ, ಹೊದ್ದ ಚಾದರ, ಕಾಲಲ್ಲಿ ಸಾದಾ ಚಪ್ಪಲಿ. ಈ ವೇಷದ ಪಂಡಿತನು ಬಂದು ಕುಳಿತು ಮಾತನಾಡಿದಾಗ ಹಳ್ಳಿಯ ಜನಕ್ಕೆ ಅಧಿಕಾರಿಯ ಭೀತಿಯಿರಲಿಲ್ಲ. ಶಾಲೆಯ ಮನೆಯನ್ನು ತಮ್ಮ ಖರ್ಚಿನಿಂದಲೇ ಕಟ್ಟಿಕೊಡಲು ಅವರು ಮುಂದೆ ಬಂದರು. ೧೮೫೫ರ ಆಗಸ್ಟದಿಂದ ೧೮೫೬ರ ಜಾನೇವಾರಿಯೊಳಗಾಗಿ ಪ್ರತಿಯೊಂದು ಜಿಲ್ಲೆಯಲ್ಲಿ ಐದರಂತೆ ೨೦ ಮಾದರಿ ಶಾಲೆಗಳು ಸ್ಥಾಪಿತವಾದವು. ಆರು ತಿಂಗಳೊಳಗೆ ಇಷ್ಟು ಕೆಲಸ ನಡೆದುದು ಸರಕಾರಿ ಕಾಗದಗಳ ವೇಗದಿಂದಲ್ಲ; ಆ ಹಳ್ಳಿಗಳ ಭಾಷೆಯನ್ನೂ ಬಡತನವನ್ನೂ ಅಭಿಮಾನವನ್ನೂ ಬಲ್ಲ ಒಬ್ಬ ಮನುಷ್ಯನ ಕಾಲ್ನಡಿಗೆಯಿಂದ.

ಅದೇ ಕಾಲಕ್ಕೆ ಪೂರ್ವ ಬಂಗಾಲದ ಇನ್‌ಸ್ಪೆಕ್ಟರರಾಗಿದ್ದ ವುಡ್‌ರೋ ಸಾಹೇಬರು ಇನ್ನೊಂದು ಪ್ರಯೋಗವನ್ನು ನಡೆಸಿದರು. ಹಳೆಯ ಗಾವಠಿ ಪಾಠಶಾಲೆಗಳನ್ನು ಮೂರು ನಾಲ್ಕರಂತೆ ಒಂದೊಂದು ವರ್ತುಲವನ್ನಾಗಿ ಕೂಡಿಸಿ, ಆ ವರ್ತುಲಕ್ಕೆ ಒಬ್ಬ ಕಲಿತ ಪಂಡಿತನನ್ನು ನೇಮಿಸಿ, ಅವನು ಸರದಿಯಂತೆ ಶಾಲೆಗಳಿಗೆ ಹೋಗಿ ಮೇಲಿನ ತರಗತಿಗಳಿಗೆ ತಾನೇ ಪಾಠ ಹೇಳುವಂತೆ ಏರ್ಪಡಿಸಿದರು. ಇಂದು ನಮ್ಮಲ್ಲಿ ಶಾಲಾ ಸಮೂಹಗಳನ್ನು ಮಾಡಿ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸುವ ಪದ್ಧತಿಯನ್ನು ಕಂಡವರಿಗೆ ಈ ಕಲ್ಪನೆಯು ಹೊಸದಲ್ಲವೆಂಬುದು ಹೊಳೆಯುವುದು. ಎರಡು ಪ್ರಯೋಗಗಳ ದಾರಿ ಬೇರೆಯಾದರೂ ತತ್ತ್ವ ಒಂದೇ: ನೋಡಲು ಹೋದವನು ಕಲಿಸಬಲ್ಲವನಾಗಿರಬೇಕು.

೧೮೫೬ರ ಜುಲೈ ೨೬ರಂದು ವಿಧವಾ ವಿವಾಹದ ಕಾಯಿದೆ ಅಂಗೀಕೃತವಾಯಿತು. ಡಿಸೆಂಬರ ೭ರಂದು ಕಲಕತ್ತೆಯಲ್ಲಿ ಆ ಕಾಯಿದೆಯ ಮೇರೆಗೆ ಮೊದಲನೆಯ ವಿವಾಹ ನೆರವೇರಿತು. ಅದಕ್ಕಾಗಿ ವಿದ್ಯಾಸಾಗರರು ಪಟ್ಟ ಕಷ್ಟವೂ ತಿಂದ ನಿಂದೆಯೂ ಮಾಡಿದ ಸಾಲವೂ ಬೇರೊಂದು ಚರಿತ್ರೆಗೆ ತಕ್ಕ ವಿಷಯ. ಈ ಕೋಲಾಹಲದ ನಡುವೆಯೇ ಕಾಲೇಜಿನ ಆಡಳಿತವನ್ನೂ ಶಾಲೆಗಳ ಸಂಚಾರವನ್ನೂ ಅವರು ನಡೆಸುತ್ತಿದ್ದರೆಂಬುದನ್ನು ಮಾತ್ರ ನಾವು ನೆನೆಯತಕ್ಕದ್ದು.

ಗಂಡುಮಕ್ಕಳ ಶಾಲೆಗಳು ನೆಲೆಗೊಂಡ ಮೇಲೆ ಅವರ ಲಕ್ಷ್ಯವು ಹೆಣ್ಣುಮಕ್ಕಳ ಕಡೆಗೆ ತಿರುಗಿತು. ಕಲಕತ್ತೆಯಲ್ಲಿ ಬೆಥೂನ ಸಾಹೇಬರು ೧೮೪೯ರಲ್ಲಿ ಸ್ಥಾಪಿಸಿದ ಬಾಲಿಕಾ ವಿದ್ಯಾಲಯದ ಕಾರ್ಯದರ್ಶಿಗಳಾಗಿ ಅವರಿಗೆ ಈ ಕಾರ್ಯದ ಅನುಭವವಿದ್ದಿತು. ಹಳ್ಳಿಗಳಲ್ಲಿ ಕನ್ಯಾಶಾಲೆ ತೆರೆಯುವುದಕ್ಕೆ ಲೆಫ್ಟಿನೆಂಟ ಗವರ್ನರರ ಸಮ್ಮತಿಯಿದೆಯೆಂದು ತಿಳಿದು, ೧೮೫೭ರ ನವೆಂಬರದಿಂದ ೧೮೫೮ರ ಮೇ ತಿಂಗಳವರೆಗೆ ೩೫ ಕನ್ಯಾಶಾಲೆಗಳನ್ನು ತೆರೆದರು. ಹೂಗ್ಲಿಯಲ್ಲಿ ೨೦, ಬರ್ದವಾನದಲ್ಲಿ ೧೧, ಮೇದಿನೀಪುರದಲ್ಲಿ ೩, ನದಿಯಾದಲ್ಲಿ ೧. ಸುಮಾರು ೧,೩೦೦ ಬಾಲಿಕೆಯರು ಓದುತ್ತಿದ್ದರು. ಎಲ್ಲ ಶಾಲೆಗಳ ತಿಂಗಳ ವೆಚ್ಚವು ೮೪೫ ರೂಪಾಯಿ. ಊರವರು ಮನೆಯನ್ನು ಒದಗಿಸಿದರು. ಶಿಕ್ಷಕರು ಸರಕಾರದ ಸಂಬಳವನ್ನು ನಂಬಿ ಕೆಲಸಕ್ಕೆ ನಿಂತರು.

ಆದರೆ ಆ ಸಂಬಳ ಬರಲಿಲ್ಲ. ೧೮೫೭ರ ಬಂಡಾಯದಿಂದ ಹಿಂದೂಸ್ಥಾನ ಸರಕಾರದ ಬೊಕ್ಕಸವು ಬರಿದಾಗಿದ್ದಿತು. ಸಹಾಯಧನದ ನಿಯಮಗಳನ್ನು ಸಡಿಲಿಸಲು ಅವರು ಒಪ್ಪಲಿಲ್ಲ. ಬರಹದ ಮಂಜೂರಾತಿಯಿಲ್ಲದೆ ಶಾಲೆಗಳನ್ನು ತೆರೆದುದೇ ತಪ್ಪೆಂಬ ಭಾವನೆ ಡೈರೆಕ್ಟರರದು. ೧೮೫೮ರ ಜೂನ್ ೩೦ರ ಹೊತ್ತಿಗೆ ಶಿಕ್ಷಕರಿಗೆ ಕೊಡಬೇಕಾದ ಬಾಕಿಯು ೩,೪೩೯ ರೂಪಾಯಿಗಳಷ್ಟಾಯಿತು. ತಮ್ಮ ಮಾತಿನ ಮೇಲೆ ಕೆಲಸಕ್ಕೆ ಬಂದ ಬಡ ಪಂಡಿತರ ಋಣವು ತಮ್ಮದೇ ಎಂದು ವಿದ್ಯಾಸಾಗರರು ಸರಕಾರಕ್ಕೆ ಮತ್ತೆ ಮತ್ತೆ ಬರೆದರು. ಕೊನೆಗೆ ಡಿಸೆಂಬರದಲ್ಲಿ ಸರಕಾರದವರು ಆ ಬಾಕಿಯನ್ನು ಸಲ್ಲಿಸಲು ಒಪ್ಪಿದರು. ಶಾಲೆಗಳನ್ನು ಮುಂದೆ ನಡೆಸುವ ಹೊಣೆಯನ್ನು ಮಾತ್ರ ಹೊರಲಿಲ್ಲ. ಅನಂತರ ವಿದ್ಯಾಸಾಗರರು ವಂತಿಗೆಯನ್ನು ಕೂಡಿಸಿ ಒಂದು ನಿಧಿಯನ್ನು ಸ್ಥಾಪಿಸಿ, ಆ ಶಾಲೆಗಳಲ್ಲಿ ಕೆಲವನ್ನಾದರೂ ಉಳಿಸಲು ಹೆಣಗಿದರು.

ಇಲ್ಲಿ ನ್ಯಾಯವಾಗಿ ಎರಡೂ ಪಕ್ಷಗಳನ್ನು ನೋಡಬೇಕು. ಮಂಜೂರಾತಿಯಿಲ್ಲದೆ ವೆಚ್ಚ ಮಾಡಬಾರದೆಂಬ ನಿಯಮವು ಎಲ್ಲ ಸರಕಾರಗಳಿಗೂ ಅವಶ್ಯ. ಬಾಯಿಮಾತಿನ ಸಮ್ಮತಿಯನ್ನು ನಂಬಿ ಅಧಿಕಾರಿಯು ಅಷ್ಟು ದೂರ ಹೋಗಬಾರದಾಗಿತ್ತೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ೧,೩೦೦ ಬಾಲಿಕೆಯರು ಶಾಲೆಗೆ ಬಂದು ಕುಳಿತಿದ್ದರೆಂಬುದು ಕೂಡ ಒಂದು ಪುರಾವೆಯೇ. ಹಳ್ಳಿಯ ಜನ ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸರೆಂಬ ನಂಬಿಕೆಯನ್ನು ಆ ಹಾಜರಿಯು ಸುಳ್ಳು ಮಾಡಿತ್ತು. ಶಾಲೆಯೊಳಗೆ ಹೊಕ್ಕು ನೋಡಿದವನಿಗೆ ಆ ಪುರಾವೆಯ ಬೆಲೆ ತಿಳಿದಿದ್ದಿತು. ದಫ್ತರದಲ್ಲಿ ಕುಳಿತವನಿಗೆ ತಿಳಿಯಲಿಲ್ಲ. ತಪಾಸಣಾಧಿಕಾರಿಯ ವರದಿಯನ್ನು ಓದತಕ್ಕವರಿಗೂ ಶಿಕ್ಷಣದ ಅರಿವಿಲ್ಲದಿದ್ದರೆ, ಕೆಳಗಿನವನ ಕೌಶಲವೆಲ್ಲ ವ್ಯರ್ಥವಾಗುವುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಡೈರೆಕ್ಟರರೊಡನೆ ವೈಮನಸ್ಯ ಬೆಳೆದಿದ್ದಿತು. ದಕ್ಷಿಣ ಬಂಗಾಲದ ಪೂರ್ಣ ಇನ್‌ಸ್ಪೆಕ್ಟರರ ಹುದ್ದೆ ತೆರವಾದಾಗ, ಆ ಜಿಲ್ಲೆಗಳ ಶಾಲೆಗಳನ್ನು ಕೈಯಾರೆ ಕಟ್ಟಿದ ಪಂಡಿತನಿಗೆ ಅದು ದೊರೆಯದೆ ಯುರೋಪಿಯನ್ನರಿಗೆ ದೊರೆಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಪರಕೀಯ ಆಳಿಕೆಯಲ್ಲಿ ರಾಜನೀತಿಯೇ ಆಗಿದ್ದಿತು. ೧೮೫೮ರ ಆಗಸ್ಟ ೫ರಂದು ವಿದ್ಯಾಸಾಗರರು ರಾಜೀನಾಮೆಯನ್ನು ಬರೆದುಕೊಟ್ಟರು. ಆರೋಗ್ಯವು ಕೆಟ್ಟಿರುವುದನ್ನೂ, ಬಡತಿಯ ಆಶೆಯಿಲ್ಲದಿರುವುದನ್ನೂ, ನಡೆದಿರುವ ಪದ್ಧತಿಯಲ್ಲಿ ತಮ್ಮ ಮನಸ್ಸು ನಿಲ್ಲದಿರುವುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಹ್ಯಾಲಿಡೇ ಸಾಹೇಬರು ಮನವೊಲಿಸಲು ಯತ್ನಿಸಿದರೂ ಅವರು ಹಿಂದೆಗೆಯಲಿಲ್ಲ. ನವೆಂಬರದ ಆರಂಭದಲ್ಲಿ ತಿಂಗಳಿಗೆ ೫೦೦ ರೂಪಾಯಿಗಳ ಅಧಿಕಾರವನ್ನು ತೊರೆದು, ಪಿಂಚಣಿಯಿಲ್ಲದೆ ಹೊರಬಿದ್ದರು. ಆಗ ಅವರ ವಯಸ್ಸು ೩೮.

ಸರಕಾರಿ ಚಾಕರಿ ಮುಗಿದರೂ ಅವರ ತಪಾಸಣೆಯ ಕಣ್ಣು ಮುಚ್ಚಲಿಲ್ಲ. ೧೮೬೩ರಲ್ಲಿ ಅಪ್ರಾಪ್ತವಯಸ್ಕ ಜಮೀನುದಾರರ ಮಕ್ಕಳಿಗಾಗಿ ಕಲಕತ್ತೆಯಲ್ಲಿದ್ದ ವಾರ್ಡ್ಸ್ ವಿದ್ಯಾಲಯದ ಸಂದರ್ಶಕರಲ್ಲೊಬ್ಬರಾಗಿ ಅದನ್ನು ನೋಡಿ ವರದಿಗಳನ್ನು ಬರೆದರು. ೧೮೬೬ರ ಡಿಸೆಂಬರದಲ್ಲಿ ವಿಲಾಯತಿಯಿಂದ ಬಂದ ಮೇರಿ ಕಾರ್ಪೆಂಟರ ಎಂಬ ವಿದುಷಿಯೊಡನೆ ಉತ್ತರಪಾಡೆಯ ಕನ್ಯಾಶಾಲೆಯನ್ನು ನೋಡಿ ಹಿಂದಿರುಗುವಾಗ ಗಾಡಿ ಉರುಳಿಬಿದ್ದು ಅವರಿಗೆ ಬಲವಾದ ಪೆಟ್ಟಾಯಿತು. ಆ ನೋವು ಕೊನೆಯವರೆಗೂ ಬಿಡಲಿಲ್ಲ. ಆ ವಿದುಷಿಯು ಹೆಂಗಸರಿಗಾಗಿ ನಾರ್ಮಲ್ ಶಾಲೆಯನ್ನು ತೆರೆಯಬೇಕೆಂದಾಗ, ಅಂದಿನ ಮನೆತನಸ್ಥ ಹಿಂದೂ ಸ್ತ್ರೀಯರು ಮನೆಯಿಂದ ಹೊರಬಂದು ಶಿಕ್ಷಕಿಯರಾಗಲಾರರೆಂದು ವಿದ್ಯಾಸಾಗರರು ಸರಕಾರಕ್ಕೆ ತಿಳಿಸಿದರು. ಸ್ತ್ರೀಶಿಕ್ಷಣಕ್ಕಾಗಿ ಅಧಿಕಾರವನ್ನೇ ಪಣಕ್ಕಿಟ್ಟ ಮನುಷ್ಯನಿಗೆ ಈ ಮಾತನ್ನು ಆಡುವುದು ಪ್ರಿಯವಾಗಿರಲಾರದು. ಶಾಲೆಯನ್ನು ತೆರೆದುದಾಯಿತು, ವಿದ್ಯಾರ್ಥಿನಿಯರಿಲ್ಲದೆ ೧೮೭೨ರಲ್ಲಿ ಮುಚ್ಚಿದುದೂ ಆಯಿತು. ತನಗೆ ಇಷ್ಟವಾದ ಕಾರ್ಯದ ವಿಷಯದಲ್ಲಿಯೂ ಕಂಡದ್ದನ್ನು ಕಂಡಂತೆ ಹೇಳುವುದು ತಪಾಸಣಾಧಿಕಾರಿಯ ಪರಮಧರ್ಮ.

ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ೧೮೫೯ರಲ್ಲಿ ಸರಕಾರವು ಕೇಳಿದಾಗ, ಇದ್ದ ಅಲ್ಪ ಹಣದಲ್ಲಿ ಎಲ್ಲರಿಗೂ ಅರೆಬರೆ ವಿದ್ಯೆ ಕೊಡುವುದಕ್ಕಿಂತ ಮೇಲ್ವರ್ಗದ ಕೆಲವರಿಗೆ ಪೂರ್ಣ ವಿದ್ಯೆ ಕೊಡುವುದೇ ಮೇಲೆಂದು ಅವರು ಬರೆದರು. ಸಂಸ್ಕೃತ ಕಾಲೇಜಿನ ಬಾಗಿಲು ತೆರೆಯುವಾಗಲೂ ಅಂದಿನ ಸಮಾಜದ ಮೇರೆಯನ್ನು ಅವರು ಪೂರ್ತಿಯಾಗಿ ಮೀರಲಿಲ್ಲ. ಪ್ರತಿಯೊಂದು ಮಗುವಿಗೂ ಶಿಕ್ಷಣವು ಹಕ್ಕೆಂದು ಕಾಯಿದೆಯನ್ನೇ ಮಾಡಿಕೊಂಡಿರುವ ಇಂದಿನ ಭಾರತವು ಆ ಮಾತನ್ನು ಮೀರಿ ಬಂದಿರುವುದು ಒಳ್ಳೆಯದೇ. ಆದರೆ ಆ ಮಾತಿನ ಹಿಂದಿದ್ದ ಭೀತಿ, ಹೆಸರಿಗೆ ಶಾಲೆಯಿದ್ದು ಒಳಗೆ ವಿದ್ಯೆಯಿಲ್ಲದಂತಾದೀತೆಂಬ ಭೀತಿ, ಇಂದಿಗೂ ತಪ್ಪಿದ್ದಲ್ಲ.

ಉಳಿದ ಆಯುಷ್ಯವನ್ನು ಅವರು ಸ್ವದೇಶೀಯರಿಂದಲೇ ನಡೆಯುವ ವಿದ್ಯಾಲಯವೊಂದಕ್ಕೆ ಅರ್ಪಿಸಿದರು. ೧೮೫೯ರಲ್ಲಿ ಆರಂಭವಾದ ಕಲಕತ್ತಾ ಟ್ರೇನಿಂಗ ಸ್ಕೂಲು ೧೮೬೪ರಲ್ಲಿ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಶನ್ ಎಂಬ ಹೆಸರನ್ನು ಪಡೆದು, ೧೮೭೨ರಲ್ಲಿ ಕಾಲೇಜಾಗಿ, ೧೮೭೯ರಲ್ಲಿ ಬಿ. ಎ. ತರಗತಿಯವರೆಗೆ ಬೆಳೆಯಿತು. ಯುರೋಪಿಯನ್ ಅಧ್ಯಾಪಕರಿಲ್ಲದೆ ಉಚ್ಚ ಶಿಕ್ಷಣವು ನಡೆಯದೆನ್ನುವವರ ಬಾಯನ್ನು ಅದರ ಪರೀಕ್ಷೆಯ ಫಲಿತಾಂಶಗಳು ಮುಚ್ಚಿಸಿದವು. ಅಲ್ಲಿ ಬೆತ್ತದ ಶಿಕ್ಷೆಯನ್ನು ಅವರು ನಿಷೇಧಿಸಿದ್ದರು. ಕೊನೆಯ ದಿನಗಳಲ್ಲಿ ಬಹುಕಾಲ ಕರ್ಮಾಟಾಡದ ಸಂತಾಲರ ನಡುವೆ ಅವರಿಗೆ ಔಷಧ ಕೊಡುತ್ತ ಕಳೆದು, ೧೮೯೧ರ ಜುಲೈ ೨೯ರಂದು ಕಲಕತ್ತೆಯಲ್ಲಿ ದೇಹವಿಟ್ಟರು. ಅವರ ವಿದ್ಯಾಲಯವು ೧೯೧೭ರಿಂದ ವಿದ್ಯಾಸಾಗರ ಕಾಲೇಜ ಎಂದೇ ಹೆಸರಾಗಿದೆ.

ಈ ಚರಿತ್ರೆಯಿಂದ ನಮ್ಮ ಇಂದಿನ ಪ್ರಶ್ನೆಗೆ ದೊರೆಯುವ ಉತ್ತರವು ಸ್ಪಷ್ಟವಾಗಿದೆ. ಪರರ ಪಾಠವನ್ನು ತೂಗತಕ್ಕವನು ತಾನು ವರ್ಷಗಟ್ಟಲೆ ಪಾಠ ಹೇಳಿದವನಾಗಿರಬೇಕು. ಮಕ್ಕಳ ಮಾತೃಭಾಷೆಯನ್ನೂ, ಅವರ ಕೈಯಲ್ಲಿರುವ ಪುಸ್ತಕವನ್ನೂ ಅವನು ಒಳಗಿನಿಂದ ಬಲ್ಲವನಾಗಿರಬೇಕು. ಕಂಠಪಾಠಕ್ಕೂ ಅರಿವಿಗೂ ಇರುವ ಭೇದವನ್ನು ಒಂದು ಪ್ರಶ್ನೆಯಿಂದ ಬೇರ್ಪಡಿಸುವ ಕಲೆಯನ್ನು ಅವನಿಗೆ ಕಲಿಸಬೇಕು. ಅದು ತಾನಾಗಿಯೇ ಬರುವುದಿಲ್ಲ. ಮಾಸ್ತರರನ್ನು ಮಕ್ಕಳೆದುರಿಗೆ ಹೀಯಾಳಿಸದೆ ತಿದ್ದುವ ರೀತಿಯನ್ನೂ, ಬೇಕಾದಾಗ ಖಡುವನ್ನು ಕೈಗೆ ತೆಗೆದುಕೊಂಡು ತಾನೇ ಪಾಠ ಮಾಡಿ ತೋರಿಸುವ ಧೈರ್ಯವನ್ನೂ ಅವನು ಪಡೆದಿರಬೇಕು. ಮೇಲಿನವರಿಗೆ ಅಪ್ರಿಯವಾದರೂ ಸತ್ಯವಾದ ವರದಿಯನ್ನು ಬರೆಯುವ ನಿಷ್ಠೆಯಂತೂ ಎಲ್ಲಕ್ಕೂ ಮಿಗಿಲಾದುದು.

ಇಂದು ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲೂ ಅವರ ಕೈಕೆಳಗಿನವರ ಮೇಲೂ ಬಿದ್ದಿರುವ ಹೊರೆಯನ್ನು ನಾವು ಅರಿಯದವರಲ್ಲ. ವರ್ಗಾವಣೆಯ ಕಾಗದಗಳು, ಕಟ್ಟಡಗಳ ಲೆಕ್ಕ, ಮೇಲಿಂದ ಮೇಲೆ ಕೇಳುವ ಅಂಕಿಸಂಖ್ಯೆ, ಸಭೆಗಳು. ಇವುಗಳ ನಡುವೆ ತರಗತಿಯಲ್ಲಿ ಒಂದು ಪೂರ್ಣ ಪಾಠವನ್ನು ಕುಳಿತು ಕೇಳುವ ಅವಕಾಶವೇ ಅವರಿಗೆ ದುರ್ಲಭವಾಗುವುದು. ಶೆರಾ ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿ ರುಜು ಹಾಕಿದರೆ ತಪಾಸಣೆ ಮುಗಿಯಿತೆಂಬ ರೂಢಿಗೆ ಆ ಅಧಿಕಾರಿಗಳೊಬ್ಬರೇ ಹೊಣೆಗಾರರಲ್ಲ. ನೋಡುವ ವಿದ್ಯೆಯನ್ನು ಅವರಿಗೆ ಕ್ರಮವಾಗಿ ಕಲಿಸದೆ, ನೋಡುವುದಕ್ಕೆ ಸಮಯವನ್ನೂ ಕೊಡದೆ, ಕಂಡದ್ದನ್ನು ಹೇಳಿದಾಗ ಕೇಳುವುದನ್ನೂ ಬಿಟ್ಟ ನಮ್ಮ ವ್ಯವಸ್ಥೆಯೇ ಅದಕ್ಕೆ ಉತ್ತರ ಹೇಳಬೇಕು.

ಹೊಸದಾಗಿ ನೇಮಕವಾಗುವ ಪ್ರತಿಯೊಬ್ಬ ತಪಾಸಣಾಧಿಕಾರಿಯನ್ನೂ ದಫ್ತರದ ಕುರ್ಚಿಯಲ್ಲಿ ಕುಳ್ಳಿರಿಸುವ ಮುಂಚೆ, ಅನುಭವಿಗಳಾದ ಶಿಕ್ಷಕರ ತರಗತಿಗಳಲ್ಲಿ ಕೆಲಕಾಲ ಕುಳ್ಳಿರಿಸಬೇಕು. ಪಾಠವನ್ನು ಗಮನಿಸುವುದನ್ನೂ ಪ್ರಶ್ನೆ ಕೇಳುವುದನ್ನೂ ಸಲಹೆ ಕೊಡುವುದನ್ನೂ ಪರಿಣತರ ಎದುರಿಗೆ ಅಭ್ಯಾಸ ಮಾಡಿಸಬೇಕು. ವರ್ಷಕ್ಕೊಮ್ಮೆಯಾದರೂ ಅವನ ಕೈಯಿಂದ ಮಕ್ಕಳಿಗೆ ಪಾಠ ಹೇಳಿಸಬೇಕು. ಇದಕ್ಕೆ ಬೇಕಾದುದು ದೊಡ್ಡ ಮೊತ್ತದ ಹಣವಲ್ಲ. ಸರಕಾರದವರೂ ವಿದ್ಯಾಖಾತೆಯ ಹಿರಿಯರೂ ಮನಸ್ಸು ಮಾಡಿದರೆ ಇದೇ ವರ್ಷದಲ್ಲಿ ಆರಂಭಿಸಬಹುದಾದ ಕಾರ್ಯವಿದು. ನಮ್ಮ ಮಕ್ಕಳ ಹಿತವನ್ನು ಬಯಸುವ ವಾಚಕರು ತಮ್ಮ ಊರಿನ ಶಾಲೆಗೆ ಅಧಿಕಾರಿಗಳು ಬಂದಾಗ ಅವರು ತರಗತಿಯೊಳಗೆ ಎಷ್ಟು ಹೊತ್ತು ಕುಳಿತರೆಂಬುದನ್ನು ವಿಚಾರಿಸಿಕೊಳ್ಳಲಿ, ಆ ಪ್ರಶ್ನೆಯನ್ನು ತಮ್ಮ ಪ್ರತಿನಿಧಿಗಳ ಮುಂದೆಯೂ ಇಡಲಿ ಎಂದು ನಾವು ಅರಿಕೆ ಮಾಡಿಕೊಳ್ಳುತ್ತೇವೆ.